ಹಿರಿಯರಿಗೆ ದೊಡ್ಡ ಆಪರೇಷನ್: ಮನೆಯವರು ತಿಳಿದಿರಬೇಕಾದ ವಿಷಯಗಳು



ವಾರ್ಡಿನ ಬಾಗಿಲ ಆಚೆ ನನ್ನನ್ನು ಪಕ್ಕಕ್ಕೆ ಕರೆದು ಮನೆಯವರು ಕೇಳುವ ಮಾತುಗಳು ಹೆಚ್ಚುಕಡಿಮೆ ಒಂದೇ ಬಗೆಯವು. "ಸಿಸ್ಟರ್, ಈ ವಯಸ್ಸಿನಲ್ಲಿ ಆಪರೇಷನ್ ತಡೆದುಕೊಳ್ಳುತ್ತಾರಾ?" "ಅಪ್ಪನಿಗೆ ಏನೂ ಹೇಳಬೇಡಿ, ಹೆದರಿಕೊಳ್ಳುತ್ತಾರೆ." "ಅವ್ವ ಏನೇನೋ ಮಾತಾಡ್ತಿದ್ದಾಳೆ, ಗಾಳಿ ಸೋಕಿರಬಹುದಾ?" ಐಮಂಗಲದಿಂದ ಬಂದವರಾಗಲಿ, ಧರ್ಮಪುರದಿಂದ ಬಂದವರಾಗಲಿ, ಹೊಸದುರ್ಗ ಹೊಳಲ್ಕೆರೆ ಕಡೆಯವರಾಗಲಿ, ಎಲ್ಲರ ಆತಂಕವೂ ಒಂದೇ. ಈ ಪ್ರಶ್ನೆಗಳಿಗೆ ನಿಂತ ನಿಲುವಿನಲ್ಲಿ ಉತ್ತರ ಹೇಳಿದರೆ ಅರ್ಧ ಮರೆತುಹೋಗುತ್ತದೆ. ಆದ್ದರಿಂದ ಇಲ್ಲಿ ಬರೆದು ಕೊಡುತ್ತಿದ್ದೇನೆ. ನಿಧಾನವಾಗಿ ಓದಿ. ಓದಲು ಬಾರದವರಿಗೆ ಪಕ್ಕದ ಹಾಸಿಗೆಯವರು ಓದಿ ಹೇಳಿ.

ವಯಸ್ಸೊಂದೇ ಲೆಕ್ಕವಲ್ಲ

ವಯಸ್ಸಾದವರಿಗೆ ಆಪರೇಷನ್ ಮಾಡುವಾಗ ಅಪಾಯ ಹೆಚ್ಚು ಎಂಬುದು ನಿಜ. ಆದರೆ ವೈದ್ಯರು ವಯಸ್ಸನ್ನು ಮಾತ್ರ ನೋಡಿ ತೀರ್ಮಾನ ಮಾಡುವುದಿಲ್ಲ. ಹೃದಯ, ಶ್ವಾಸಕೋಶ, ಮೂತ್ರಪಿಂಡ ಹೇಗೆ ಕೆಲಸ ಮಾಡುತ್ತಿವೆ, ಸಕ್ಕರೆ ಎಷ್ಟಿದೆ, ರಕ್ತ ಎಷ್ಟಿದೆ, ಕಾಯಿಲೆಗೆ ಮುಂಚೆ ತಮ್ಮ ಕೆಲಸ ತಾವು ಮಾಡಿಕೊಳ್ಳುತ್ತಿದ್ದರೇ, ಮೆಟ್ಟಿಲು ಹತ್ತುತ್ತಿದ್ದರೇ, ನೆನಪು ಹೇಗಿತ್ತು ಎಂಬುದನ್ನೆಲ್ಲ ನೋಡುತ್ತಾರೆ. ತೋಟದಲ್ಲಿ ಓಡಾಡಿಕೊಂಡಿದ್ದ ಎಂಬತ್ತರ ಅಜ್ಜ, ಹಾಸಿಗೆ ಹಿಡಿದ ಅರವತ್ತೈದರವರಿಗಿಂತ ಚೆನ್ನಾಗಿ ತಡೆದುಕೊಳ್ಳುವುದುಂಟು.

ನಮ್ಮ ಸೀಮೆಯವರಿಗೆಲ್ಲ ಗೊತ್ತಿರುವ ಒಂದು ಉದಾಹರಣೆ ನೆನಪಿಸುತ್ತೇನೆ. ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಸ್ವಾಮೀಜಿಯವರಿಗೆ 2018ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಪಿತ್ತನಾಳದ ಶಸ್ತ್ರಚಿಕಿತ್ಸೆ ಆಯಿತು. ಆಗ ಅವರಿಗೆ 111 ವರ್ಷ. ಆ ವಯಸ್ಸಿನಲ್ಲೂ ಶಸ್ತ್ರಚಿಕಿತ್ಸೆಯನ್ನು ತಡೆದುಕೊಂಡು ಮಠಕ್ಕೆ ಮರಳಿದರು. ಆದರೆ ನಂತರ ಶ್ವಾಸಕೋಶದ ಸೋಂಕು ಕಾಡಿತು. 2019ರ ಜನವರಿ 21ರಂದು ಅವರು ಲಿಂಗೈಕ್ಯರಾದರು. ಇದರಿಂದ ನಾವು ಎರಡು ವಿಷಯ ತಿಳಿಯಬೇಕು. ವಯಸ್ಸಾಯಿತೆಂದು ಚಿಕಿತ್ಸೆಯ ಬಾಗಿಲು ಮುಚ್ಚುವುದಿಲ್ಲ. ಆದರೆ ಥಿಯೇಟರಿನಿಂದ ಹೊರಬಂದ ಕೂಡಲೇ ಗೆದ್ದೆವು ಎಂದುಕೊಳ್ಳುವಂತಿಲ್ಲ. ಹಿರಿಯರಿಗೆ ನಂತರದ ದಿನಗಳ ಆರೈಕೆಯೇ ಮುಕ್ಕಾಲು ಪಾಲು. ಆ ಮುಕ್ಕಾಲು ಪಾಲಿನಲ್ಲಿ ನಿಮ್ಮ ಕೈ ಇದೆ.

ಸೊಂಟದ ಕೀಲಿನ ಮೂಳೆ ಮುರಿದಾಗ

ಬಚ್ಚಲಲ್ಲಿ ಜಾರಿ, ಹೊಸಲು ಎಡವಿ ಬಿದ್ದು ತೊಡೆಯ ಮೇಲ್ಭಾಗದ ಮೂಳೆ ಮುರಿದುಕೊಳ್ಳುವುದು ಹಿರಿಯರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಬಹಳ ಸಾಮಾನ್ಯ. ಆಗ "ಈ ವಯಸ್ಸಲ್ಲಿ ಕೊಯ್ಯಿಸುವುದು ಬೇಡ, ನಾಟಿ ಕಟ್ಟು ಹಾಕಿಸೋಣ" ಎಂದು ಪುತ್ತೂರು ಕಟ್ಟಿಗೆ ಕರೆದೊಯ್ಯುವವರಿದ್ದಾರೆ. ಅವರ ಕಾಳಜಿಯನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಸೊಂಟದ ಕೀಲು ಆಳದಲ್ಲಿದೆ. ಹೊರಗಿನಿಂದ ಕಟ್ಟಿದ ಕಟ್ಟು ಅದನ್ನು ಹಿಡಿದಿಡಲಾರದು. ಆಪರೇಷನ್ ಇಲ್ಲದಿದ್ದರೆ ತಿಂಗಳುಗಟ್ಟಲೆ ಅಂಗಾತ ಮಲಗಬೇಕು. ಹಾಗೆ ಮಲಗಿದವರಿಗೆ ಬೆನ್ನು ಹುಣ್ಣಾಗುತ್ತದೆ, ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಬರುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಜೀವಕ್ಕೆ ಅಪಾಯ ತರುವುದು ಮುರಿದ ಮೂಳೆಗಿಂತ ಹೆಚ್ಚಾಗಿ ಈ ಮಲಗುವಿಕೆ. ಆದ್ದರಿಂದಲೇ ಸಾಧ್ಯವಾದರೆ ಎರಡು ದಿನದೊಳಗೆ ಆಪರೇಷನ್ ಆಗಲಿ ಎಂದು ವೈದ್ಯರು ಅವಸರ ಮಾಡುತ್ತಾರೆ. ದುಡ್ಡಿನ ಆಸೆಗೆ ಅವಸರ ಮಾಡುತ್ತಿದ್ದಾರೆ ಎಂದು ದಯವಿಟ್ಟು ತಿಳಿಯಬೇಡಿ.

ಅಪ್ಪ ಅಮ್ಮನಿಗೆ ಹೇಳಬೇಕೋ ಬೇಡವೋ?

ಹೇಳಬೇಕು. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ, ನನ್ನ ಮನೆಯಲ್ಲೇ ಕಲಿತೆ. ಕೆಲವು ವರ್ಷಗಳ ಹಿಂದೆ ನಮ್ಮ ತಂದೆಗೆ ಕರುಳಿನಲ್ಲಿ ಗಡ್ಡೆ ಇದೆ ಎಂದು ತಿಳಿಯಿತು. ನಾನು ನರ್ಸ್, ಆದರೂ ಅಣ್ಣಂದಿರ ಮಾತಿಗೆ ತಲೆ ಆಡಿಸಿ "ಗ್ಯಾಸಿನ ತೊಂದರೆ ಅಪ್ಪಾ, ಚಿಕ್ಕ ಆಪರೇಷನ್" ಎಂದುಬಿಟ್ಟೆ. ನಾವು ಹೊರಗೆ ಪಿಸುಗುಟ್ಟುವುದು, ಅಕ್ಕ ಕಣ್ಣೊರೆಸಿಕೊಳ್ಳುವುದು, ದೂರದ ನೆಂಟರೆಲ್ಲ ಒಬ್ಬೊಬ್ಬರಾಗಿ ಬಂದು ನೋಡಿಕೊಂಡು ಹೋಗುವುದು ಅವರಿಗೆ ಕಾಣದೇ ಇರುತ್ತದೆಯೇ? ತಾವು ಸಾಯುವುದು ಖಚಿತ, ಅದಕ್ಕೇ ಮಕ್ಕಳು ಮುಚ್ಚಿಡುತ್ತಿದ್ದಾರೆ ಎಂದು ಅಪ್ಪ ತೀರ್ಮಾನಿಸಿಕೊಂಡರು. ಊಟ ಬಿಟ್ಟರು. ಉಸಿರಾಟದ ವ್ಯಾಯಾಮ ಮಾಡಿ ಎಂದರೆ ಗೋಡೆ ಕಡೆ ತಿರುಗಿ ಮಲಗಿದರು. ಕೊನೆಗೆ ಅರಿವಳಿಕೆ ವೈದ್ಯರು ಹಾಸಿಗೆ ಪಕ್ಕ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಇಷ್ಟೇನಾ? ಇದನ್ನ ನೀನು ಹೇಳಬಾರದಿತ್ತೇನಮ್ಮ?" ಎಂದು ನನ್ನ ಕಡೆ ನೋಡಿದರು. ಆ ನೋಟ ಇವತ್ತಿಗೂ ಮರೆತಿಲ್ಲ. ಆ ಸಂಜೆಯೇ ಗಂಜಿ ಕೇಳಿ ಕುಡಿದರು.

ಹೇಳುವಾಗ ಎಲ್ಲವನ್ನೂ ಒಂದೇ ಸಲ ಸುರಿಯಬೇಕಾಗಿಲ್ಲ. "ಡಾಕ್ಟರು ಏನು ಹೇಳಿದರು ಅಂತ ನಿಮಗೂ ಹೇಳಲಾ ಅಪ್ಪಾ?" ಎಂದು ಮೊದಲು ಕೇಳಿ. ಅವರು ಕೇಳಿದಷ್ಟಕ್ಕೆ ಸರಳವಾಗಿ, ಸುಳ್ಳಿಲ್ಲದೆ ಉತ್ತರಿಸಿ. "ಅದೆಲ್ಲ ನನಗೆ ಬೇಡ, ನೀವೇ ನೋಡಿಕೊಳ್ಳಿ" ಎಂದರೆ ಅದೂ ಅವರ ಇಷ್ಟ. ಕಿವಿ ಮಂದವಿದ್ದರೆ ಎದುರಿಗೆ ಕೂತು, ಮುಖ ಕಾಣುವ ಹಾಗೆ, ನಿಧಾನವಾಗಿ ಮಾತಾಡಿ.

ಬುದ್ಧಿ ಸ್ವಾಧೀನದಲ್ಲಿರುವ ಹಿರಿಯರ ಒಪ್ಪಿಗೆ ಪತ್ರಕ್ಕೆ ಅವರದೇ ಸಹಿ ಅಥವಾ ಹೆಬ್ಬೆಟ್ಟು ಬೇಕು. ಮಗ ಸಹಿ ಹಾಕಿದರೆ ಸಾಕು ಎಂಬುದು ತಪ್ಪು ತಿಳಿವಳಿಕೆ. ಎಲ್ಲವನ್ನೂ ಕೇಳಿ ತಿಳಿದ ಮೇಲೆ "ನನಗೆ ಆಪರೇಷನ್ ಬೇಡ" ಎಂದು ಹೇಳುವ ಹಕ್ಕೂ ಅವರಿಗಿದೆ. ಹಾಗೆಂದರೆ ಬೈಯಬೇಡಿ, ಅತ್ತು ಒತ್ತಾಯಿಸಬೇಡಿ. ಏಕೆ ಬೇಡ ಎಂದು ಕೇಳಿ. ಎಷ್ಟೋ ಸಲ ಕಾರಣ ನೋವಿನ ಭಯ, ಇಲ್ಲವೇ "ನನ್ನಿಂದ ಮಕ್ಕಳಿಗೆ ಸಾಲ" ಎಂಬ ಸಂಕೋಚ. ಅವು ಪರಿಹಾರವಾಗುವ ಕಾರಣಗಳು. ತಿಳಿದೂ ತಿಳಿದೂ ಬೇಡವೆಂದರೆ, ನೋವು ಕಡಿಮೆ ಮಾಡುವ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳಿ. ಆಪರೇಷನ್ ಬೇಡವೆಂದವರನ್ನು ಆಸ್ಪತ್ರೆ ಕೈಬಿಡುವುದಿಲ್ಲ.

ವೈದ್ಯರನ್ನು ಕೇಳಿ

ವೈದ್ಯರು ರೌಂಡ್ಸ್‌ಗೆ ಬಂದಾಗ ಗಾಬರಿಯಲ್ಲಿ ಎಲ್ಲ ಮರೆಯುತ್ತದೆ. ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮನೆಯವರ ಪರವಾಗಿ ಒಬ್ಬರೇ ಕೇಳಿ, ಉಳಿದವರಿಗೆ ತಿಳಿಸಿ.

1. ಈ ಆಪರೇಷನ್ ಏಕೆ ಬೇಕು? ಮಾಡಿಸದಿದ್ದರೆ ಏನಾಗುತ್ತದೆ?
2. ಬೇರೆ ದಾರಿ ಇದೆಯೇ?
3. ನಮ್ಮ ತಂದೆ ಅಥವಾ ತಾಯಿಯ ವಿಷಯದಲ್ಲಿ ಮುಖ್ಯ ಅಪಾಯ ಯಾವುದು?
4. ಪೂರ್ತಿ ಮತ್ತು ಬರಿಸುತ್ತೀರಾ, ಬೆನ್ನಿಗೆ ಇಂಜೆಕ್ಷನ್ ಕೊಡುತ್ತೀರಾ?
5. ಐ.ಸಿ.ಯು.ನಲ್ಲಿ ಇಡಬೇಕಾಗಬಹುದೇ? ಎಷ್ಟು ದಿನ?
6. ಎಲ್ಲ ಸರಿಹೋದರೆ ಎಷ್ಟರ ಮಟ್ಟಿಗೆ ಓಡಾಡುತ್ತಾರೆ? ಯಾವಾಗ?
7. ಖರ್ಚು ಎಷ್ಟು? ಯಾವ ಯೋಜನೆಯಲ್ಲಿ ಬರುತ್ತದೆ?

"ದೊಡ್ಡ ಡಾಕ್ಟರನ್ನು ಕೇಳಿದರೆ ಕೋಪ ಮಾಡಿಕೊಳ್ಳುತ್ತಾರೇನೋ" ಎಂಬ ಅಳುಕು ಬೇಡ. ಕೇಳಿ ತಿಳಿದ ಮನೆಯವರೊಂದಿಗೆ ಕೆಲಸ ಮಾಡುವುದು ನಮಗೂ ಸುಲಭ.

ಹಣ ಮತ್ತು ಕಾಗದಪತ್ರ

ಬಡ್ಡಿಗೆ ಸಾಲ ತರುವ ಮುಂಚೆ, ಒಡವೆ ಅಡ ಇಡುವ ಮುಂಚೆ ಯೋಜನೆಗಳನ್ನು ವಿಚಾರಿಸಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಿಂದ ಇದೆ. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎ.ಪಿ.ಎಲ್. ಕಾರ್ಡಿನವರಿಗೆ ನಿಗದಿತ ದರದ ಶೇಕಡಾ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ, ಸರ್ಕಾರ ಭರಿಸುತ್ತದೆ. ತುರ್ತು ಅಲ್ಲದ ಚಿಕಿತ್ಸೆಗೆ ಸಾಮಾನ್ಯವಾಗಿ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಅಲ್ಲಿಂದ ರೆಫರಲ್ ಚೀಟಿ ತರಬೇಕು.

ಸಹಕಾರ ಸಂಘದ ಸದಸ್ಯರಾಗಿದ್ದರೆ ಯಶಸ್ವಿನಿ ಕಾರ್ಡು ಇದೆಯೇ ನೋಡಿ. 2003ರಲ್ಲಿ ಆರಂಭವಾದ ಈ ಯೋಜನೆ 2018ರಲ್ಲಿ ನಿಂತಿತ್ತು, 2023ರ ಜನವರಿಯಿಂದ ಮತ್ತೆ ಜಾರಿಗೆ ಬಂದಿದೆ. ಹಳೆಯ ಕಾರ್ಡು ನಡೆಯುವುದಿಲ್ಲ, ಸಂಘದಲ್ಲಿ ವಂತಿಗೆ ಕಟ್ಟಿ ನೋಂದಣಿ ಆಗಿರಬೇಕು. ಆಸ್ಪತ್ರೆಗೆ ಸೇರಿಸಿದ ದಿನವೇ ಆಧಾರ್ ಮತ್ತು ರೇಷನ್ ಕಾರ್ಡು ತೆಗೆದುಕೊಂಡು ಆರೋಗ್ಯಮಿತ್ರರನ್ನು ಕಾಣಿ. ಆಪರೇಷನ್ ಮುಗಿದು ಬಿಲ್ಲು ಕಟ್ಟಿದ ಮೇಲೆ ಕೇಳಿದರೆ ಪ್ರಯೋಜನವಾಗುವುದು ಕಷ್ಟ. ಮಾಹಿತಿಗೆ 104 ಸಹಾಯವಾಣಿ ಇದೆ. ಚಿತ್ರದುರ್ಗಕ್ಕೋ, ದಾವಣಗೆರೆಗೋ, ಬೆಂಗಳೂರಿಗೋ ಕಳಿಸಿದರೆ ಅಲ್ಲಿಯ ಆಸ್ಪತ್ರೆ ಯೋಜನೆಯ ಪಟ್ಟಿಯಲ್ಲಿದೆಯೇ ಎಂದು ಹೊರಡುವ ಮುಂಚೆಯೇ ವಿಚಾರಿಸಿಕೊಳ್ಳಿ. ಎಲ್ಲ ಕಾರ್ಡು, ಹಳೆಯ ಚೀಟಿ, ಎಕ್ಸ್‌ರೇ, ಸ್ಕ್ಯಾನ್ ಒಂದೇ ಚೀಲದಲ್ಲಿ ಇರಲಿ.

ಆಪರೇಷನ್‌ಗೆ ಮುಂಚೆ

ಔಷಧಿ: ತೆಗೆದುಕೊಳ್ಳುತ್ತಿರುವ ಎಲ್ಲ ಮಾತ್ರೆಗಳನ್ನೂ ತಂದು ತೋರಿಸಿ. ರಕ್ತ ತೆಳುವಾಗಿಸುವ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಮುಂತಾದವನ್ನು ಯಾವಾಗ ನಿಲ್ಲಿಸಬೇಕು, ನಿಲ್ಲಿಸಬೇಕೋ ಬೇಡವೋ ಎಂಬುದನ್ನು ವೈದ್ಯರೇ ಹೇಳಬೇಕು. ಬಿ.ಪಿ., ಸಕ್ಕರೆ ಮಾತ್ರೆಗಳೂ ಅಷ್ಟೇ. ಮಂಡಿನೋವಿಗೆಂದು ತಂದ ಪುಡಿ, ನಾಟಿ ಔಷಧಿಯನ್ನು ಮುಚ್ಚಿಡಬೇಡಿ. ಅಂಥ ಕೆಲವು ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ಅದು ಗೊತ್ತಿರದಿದ್ದರೆ ಆಪರೇಷನ್ ವೇಳೆ ಬಿ.ಪಿ. ಕುಸಿಯಬಹುದು.

ಬೀಡಿ, ತಂಬಾಕು, ಮದ್ಯ: ಬೀಡಿ ಸಿಗರೇಟು ಎಷ್ಟು ಬೇಗ ಬಿಟ್ಟರೆ ಅಷ್ಟು ಒಳ್ಳೆಯದು. ನಾಲ್ಕು ವಾರ ಮುಂಚೆ ಬಿಟ್ಟರೆ ಉತ್ತಮ, ಆಗದಿದ್ದರೆ ಇವತ್ತೇ ಬಿಡಿ. ಎಲೆ ಅಡಿಕೆ ಕಡ್ಡಿಪುಡಿ ಹಾಕುವ ಅಜ್ಜಿಯರು ಬಾಯಿ ಸ್ವಚ್ಛ ಇಟ್ಟುಕೊಳ್ಳಬೇಕು. ಅಪ್ಪ ದಿನಾ ಕುಡಿಯುತ್ತಿದ್ದರೆ ಮಾನ ಹೋಗುತ್ತದೆ ಎಂದು ಸುಮ್ಮನಿರಬೇಡಿ, ವೈದ್ಯರ ಕಿವಿಗೆ ಹಾಕಿ. ಕುಡಿತ ದಿಢೀರ್ ನಿಂತ ಎರಡು ಮೂರು ದಿನಕ್ಕೆ ಕೈ ನಡುಕ, ಫಿಟ್ಸ್, ಭ್ರಮೆ ಬರಬಹುದು. ಮೊದಲೇ ತಿಳಿದಿದ್ದರೆ ತಡೆಯುವ ಔಷಧಿ ಇದೆ.

ಉಸಿರಾಟ: ಮೂರು ಉಂಡೆಗಳಿರುವ ಸಣ್ಣ ಉಪಕರಣ ಕೊಡುತ್ತಾರೆ. ಬಹಳ ಜನ ಅದನ್ನು ಊದುತ್ತಾರೆ. ಊದುವುದಲ್ಲ, ಉಸಿರನ್ನು ಒಳಗೆ ಎಳೆದು ಉಂಡೆ ಮೇಲೇರಿಸಬೇಕು. ಎಚ್ಚರವಿರುವಾಗ ಗಂಟೆಗೆ ಹತ್ತು ಸಲ ಮಾಡಿಸಿ. ಆಪರೇಷನ್‌ಗೆ ಮುಂಚೆ ರೂಢಿಯಾದರೆ ನಂತರ ಸುಲಭ.

ಊಟ: ಹಾಲು, ಮೊಸರು, ಬೇಳೆ, ಮೊಳಕೆ ಕಾಳು, ಹೆಸರುಬೇಳೆ ಪಾಯಸ, ರಾಗಿ ಅಂಬಲಿ ಕೊಡಿ. ಗಾಯ ಮಾಯಲು ಕಾಳು ಬೇಳೆ ಬೇಕು. ಬರೀ ಗಂಜಿ, ಬ್ರೆಡ್ಡು ಸಾಲದು. ಮೂತ್ರಪಿಂಡದ ತೊಂದರೆ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಎಷ್ಟು ಕೊಡಬೇಕೆಂದು ಕೇಳಿಕೊಳ್ಳಿ.

ರಕ್ತ: ರಕ್ತ ಬೇಕೆಂದರೆ ಗಾಬರಿಯಾಗಬೇಡಿ. 18ರಿಂದ 65 ವರ್ಷದೊಳಗಿನ, 45 ಕಿಲೋಗಿಂತ ಕಡಿಮೆಯಿಲ್ಲದ ಆರೋಗ್ಯವಂತರು ಕೊಡಬಹುದು. ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಟ್ಟರೆ ತೊಂದರೆಯಿಲ್ಲ. ಗಟ್ಟಿಮುಟ್ಟಾದ ಮಗನೇ ಹಿಂದೆ ಸರಿದು, ರಕ್ತಹೀನತೆಯಿರುವ ಸೊಸೆಯನ್ನು ಮುಂದೆ ಬಿಡುವುದನ್ನು ನೋಡಿದ್ದೇನೆ. ಹಾಗೆ ಮಾಡಬೇಡಿ.

ಆಪರೇಷನ್ ದಿನ

ಹೊಟ್ಟೆಯಲ್ಲಿ ಆಹಾರವಿದ್ದರೆ ಮತ್ತು ಬಂದಾಗ ಅದು ಶ್ವಾಸಕೋಶಕ್ಕೆ ಹೋಗಿ ಜೀವಕ್ಕೇ ಅಪಾಯ. "ಪಾಪ, ವಯಸ್ಸಾದವರು" ಎಂದು ಕದ್ದು ಇಡ್ಲಿ ತಿನ್ನಿಸಬೇಡಿ. ಹಾಲು ಹಾಕಿದ ಕಾಫಿ, ಟೀ ಕೂಡ ಆಹಾರವೇ. ಸಾಮಾನ್ಯವಾಗಿ ಆರು ಗಂಟೆ ಮುಂಚೆ ಆಹಾರ, ಎರಡು ಗಂಟೆ ಮುಂಚೆ ನೀರು ನಿಲ್ಲಿಸುತ್ತಾರೆ. ಎಣ್ಣೆ ಪದಾರ್ಥ ತಿಂದಿದ್ದರೆ ಇನ್ನೂ ಹೆಚ್ಚು ಹೊತ್ತು ಬೇಕು. ನಿಮ್ಮ ರೋಗಿಗೆ ಹೇಳಿದ ಸಮಯವನ್ನೇ ಪಾಲಿಸಿ. ಹಾಗೆಯೇ ಅಗತ್ಯಕ್ಕಿಂತ ಹೆಚ್ಚು ಹೊತ್ತು ಬಾಯಿ ಕಟ್ಟಿಸಿ ಒಣಗಿಸುವುದೂ ಹಿರಿಯರಿಗೆ ಒಳ್ಳೆಯದಲ್ಲ. ನೀರು ಯಾವಾಗಿನವರೆಗೆ ಕೊಡಬಹುದು ಎಂದು ಸಿಸ್ಟರನ್ನು ಕೇಳಿ.

ಹಲ್ಲಿನ ಸೆಟ್ಟು, ಓಲೆ, ಮೂಗುಬೊಟ್ಟು, ಬಳೆ, ಉಂಗುರ, ಉಡುದಾರ ತೆಗೆಯಬೇಕು. ರಕ್ತ ನಿಲ್ಲಿಸಲು ಥಿಯೇಟರಿನಲ್ಲಿ ವಿದ್ಯುತ್ ಉಪಕರಣ ಬಳಸುತ್ತಾರೆ. ಮೈಮೇಲೆ ಲೋಹವಿದ್ದರೆ ಚರ್ಮ ಸುಡುವ ಅಪಾಯವಿದೆ. ತಾಳಿ ತೆಗೆಯಲು ಅಜ್ಜಿಯರು ಒಪ್ಪುವುದಿಲ್ಲ. ಕೊನೆ ಗಳಿಗೆಯಲ್ಲಿ ಕಸಿದಂತೆ ತೆಗೆಸಿದರೆ ಅಪಶಕುನವೆಂದು ನಡುಗುತ್ತಾರೆ. ಹಿಂದಿನ ದಿನವೇ ಕಾರಣ ಹೇಳಿ, ಬದಲಿಗೆ ಅರಿಶಿನದ ದಾರ ಕಟ್ಟಬಹುದೇ ಎಂದು ಸಿಸ್ಟರನ್ನು ಕೇಳಿ. ಇಷ್ಟಲಿಂಗ ಧರಿಸಿದ ಹಿರಿಯರಿಗೂ ಬೆಳ್ಳಿ ಕರಡಿಗೆಯ ವಿಷಯ ಮೊದಲೇ ತಿಳಿಸಿ. ಅದನ್ನು ಯಾರ ಕೈಗೆ ಕೊಡಬೇಕು ಎಂದು ಅವರೇ ಹೇಳಲಿ. ಅವರು ಹೇಳಿದವರು ಶುಚಿಯಾಗಿ ಬಂದು ಪಡೆದುಕೊಳ್ಳಲಿ, ಎಚ್ಚರವಾದ ಮೇಲೆ ಅವರ ಕೈಗೇ ಕೊಡಲಿ. ಈ ಒಂದು ಮಾತಿನಿಂದ ಎಷ್ಟೋ ಹಿರಿಯರು ನೆಮ್ಮದಿಯಾಗಿ ಒಳಗೆ ಹೋಗಿದ್ದಾರೆ.

"ಗಾಳಿ ಸೋಕಿದೆ" ಎಂದು ಹೆದರಬೇಡಿ

ಆಪರೇಷನ್ ಆದ ಮೊದಲ ಎರಡು ಮೂರು ದಿನಗಳಲ್ಲಿ ಕೆಲವು ಹಿರಿಯರು ಇದ್ದಕ್ಕಿದ್ದಂತೆ ಬದಲಾಗುತ್ತಾರೆ. ಮಗನನ್ನೇ ಗುರುತಿಸುವುದಿಲ್ಲ. ಸತ್ತುಹೋದ ತಮ್ಮನನ್ನು ಕರೆಯುತ್ತಾರೆ. "ದನ ಬಿಡಬೇಕು, ಏಳ್ರೋ" ಎಂದು ಡ್ರಿಪ್ಪು ಕಿತ್ತು ಏಳುತ್ತಾರೆ. ಸಂಜೆಯಾದಂತೆ ಹೆಚ್ಚಾಗುತ್ತದೆ, ಬೆಳಿಗ್ಗೆ ಸರಿಯಾಗಿರುತ್ತಾರೆ. ಇನ್ನು ಕೆಲವರು ಗಲಾಟೆ ಮಾಡದೆ ಮಂಕಾಗಿ, ತೂಕಡಿಸುತ್ತಾ ಬಿದ್ದಿರುತ್ತಾರೆ. "ಅಜ್ಜಿ ಶಾಂತವಾಗಿದ್ದಾಳೆ" ಎಂದು ಮನೆಯವರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಅದೂ ಇದೇ ತೊಂದರೆ.

ಇದು ಗಾಳಿಯಲ್ಲ, ಹುಚ್ಚೂ ಅಲ್ಲ. ಡೆಲಿರಿಯಂ ಎಂಬ ತಾತ್ಕಾಲಿಕ ಗೊಂದಲ. ನೋವು, ಸೋಂಕು, ಮೂತ್ರ ಕಟ್ಟಿರುವುದು, ಮಲಬದ್ಧತೆ, ರಕ್ತದಲ್ಲಿ ಸೋಡಿಯಂ ಕಡಿಮೆಯಾಗುವುದು, ಆಮ್ಲಜನಕ ಸಾಲದಿರುವುದು, ನಿದ್ದೆಗೇಡು ಇದಕ್ಕೆ ಕಾರಣ. ಕೂಡಲೇ ಸಿಸ್ಟರಿಗೆ ತಿಳಿಸಿ. "ನಮ್ಮ ಅವ್ವ ಹೀಗಿರಲಿಲ್ಲ" ಎಂಬ ನಿಮ್ಮ ಮಾತು ನಮಗೆ ಬಹಳ ಮುಖ್ಯ, ಏಕೆಂದರೆ ಅವರು ಮೊದಲು ಹೇಗಿದ್ದರು ಎಂಬುದು ನಿಮಗೆ ಮಾತ್ರ ಗೊತ್ತು. ಕಾರಣ ಹುಡುಕಿ ಚಿಕಿತ್ಸೆ ಕೊಟ್ಟರೆ ಹೆಚ್ಚಿನವರು ಕೆಲವು ದಿನಗಳಲ್ಲಿ ಸರಿಹೋಗುತ್ತಾರೆ, ಕೆಲವರಿಗೆ ವಾರಗಳು ಹಿಡಿಯುತ್ತವೆ.

ನೀವು ಮಾಡಬಹುದಾದದ್ದು ಇಷ್ಟು. ಎಚ್ಚರವಾದ ಕೂಡಲೇ ಕನ್ನಡಕ, ಕಿವಿಯ ಮೆಷಿನ್ನು, ಹಲ್ಲಿನ ಸೆಟ್ಟು ವಾಪಸು ಹಾಕಿ. ಮನೆಯ ಒಬ್ಬರು ಜೊತೆಯಲ್ಲೇ ಇರಿ. "ಅವ್ವಾ, ನಾನು ನಿನ್ನ ದೊಡ್ಡ ಮಗ. ಇದು ಆಸ್ಪತ್ರೆ. ನಿನ್ನ ಕಾಲಿನ ಆಪರೇಷನ್ ಆಗಿದೆ. ಇವತ್ತು ಸೋಮವಾರ" ಎಂದು ಮತ್ತೆ ಮತ್ತೆ ಸಮಾಧಾನವಾಗಿ ಹೇಳಿ. ವಾದ ಮಾಡಬೇಡಿ. ಹಗಲು ಕಿಟಕಿ ತೆರೆದಿಡಿ, ರಾತ್ರಿ ದೀಪ ಮಂದ ಮಾಡಿ ಮಲಗಲು ಬಿಡಿ. ಅನುಮತಿ ಸಿಕ್ಕ ಮೇಲೆ ಆಗಾಗ ಗುಟುಕು ನೀರು ಕೊಡಿ. ಕೈಕಾಲು ಕಟ್ಟಿಹಾಕಬೇಡಿ, ನಿಮ್ಮಷ್ಟಕ್ಕೆ ನಿದ್ದೆ ಮಾತ್ರೆ ಕೊಡಬೇಡಿ.

ಎಬ್ಬಿಸಿ ಕೂರಿಸುವುದೇ ಸೇವೆ

ಮಲಗಿಸಿ, ಬಾಯಿಗೆ ತುತ್ತಿಟ್ಟು, ಕದಲದಂತೆ ನೋಡಿಕೊಳ್ಳುವುದೇ ಸೇವೆ ಎಂದು ನಾವು ಭಾವಿಸಿದ್ದೇವೆ. ಆಪರೇಷನ್ ಆದ ಹಿರಿಯರಿಗೆ ಅದು ಅಪಕಾರ. ವೈದ್ಯರು ಹೇಳಿದರೆ ಮರುದಿನವೇ ಕೂರಿಸಬೇಕು, ನಿಲ್ಲಿಸಬೇಕು, ನಾಲ್ಕು ಹೆಜ್ಜೆ ನಡೆಸಬೇಕು. ನೋವೆಂದು ನರಳಿದರೆ ನಡಿಗೆ ನಿಲ್ಲಿಸಬೇಡಿ, ನೋವಿನ ಔಷಧಿ ಕೇಳಿ. ಮಲಗಿರುವಾಗ ಪಾದವನ್ನು ಮೇಲೆ ಕೆಳಗೆ ಆಡಿಸಲು ಹೇಳಿ. ಆಪರೇಷನ್ ಆದ ಜಾಗಕ್ಕೆ ದಿಂಬು ಒತ್ತಿ ಹಿಡಿದು ಕೆಮ್ಮಿಸಿ, ಕಫ ಹೊರಬರಲಿ. ಏಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ. ಮಲಗಿರುವವರ ಬಾಯಿಗೆ ನೀರು ಹಾಕಬೇಡಿ, ಕೂರಿಸಿಯೇ ಕುಡಿಸಿ.

ನೋಡಲು ಬರುವವರು ಒಟ್ಟಿಗೆ ಹತ್ತು ಜನ ಬಂದು ಹಾಸಿಗೆ ಮೇಲೆ ಕೂರಬೇಡಿ. ಕೈ ತೊಳೆದು, ಒಬ್ಬಿಬ್ಬರಾಗಿ ಬನ್ನಿ. "ನಮ್ಮೂರಲ್ಲಿ ಒಬ್ಬರಿಗೆ ಹೀಗೇ ಆಗಿ ಹೋಗಿಬಿಟ್ಟರು" ಎಂಬ ಕಥೆಯನ್ನು ಗೇಟಿನ ಆಚೆಯೇ ಬಿಟ್ಟು ಬನ್ನಿ.

ಮನೆಗೆ ಹೋದ ಮೇಲೆ

ಡಿಸ್ಚಾರ್ಜ್ ಆಗುವ ಮುಂಚೆಯೇ ಮನೆ ಸಿದ್ಧ ಮಾಡಿ. ಬಚ್ಚಲ ಪಾಚಿ ಉಜ್ಜಿ ತೆಗೆಯಿರಿ, ಹಿಡಿದುಕೊಳ್ಳಲು ಗೋಡೆಗೆ ಕಂಬಿ ಹಾಕಿಸಿ. ಜಾರುವ ಗೋಣಿತಾಟು ತೆಗೆಯಿರಿ. ರಾತ್ರಿ ಒಂದು ಸಣ್ಣ ದೀಪ ಉರಿಯಲಿ. ಸೊಂಟದ ಕೀಲು ಬದಲಿಸಿದ್ದರೆ ನೆಲದ ಮೇಲೆ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಕುಕ್ಕರುಗಾಲಲ್ಲಿ ಕೂರುವುದು ಬೇಡ. ಊಟಕ್ಕೂ ಪೂಜೆಗೂ ಎತ್ತರದ ಕುರ್ಚಿ, ಶೌಚಕ್ಕೆ ಕಮೋಡ್ ಕುರ್ಚಿ ಬೇಕು.

ಈ ಲಕ್ಷಣ ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆತನ್ನಿ:

- ಜ್ವರ, ಚಳಿ. ಗಾಯದಿಂದ ಕೀವು, ವಾಸನೆ
- ಒಂದು ಕಾಲಿನ ಮೀನಖಂಡ ಊದಿ ನೋಯುವುದು
- ಏದುಸಿರು, ಎದೆನೋವು
- ಮೂತ್ರ ಕಟ್ಟುವುದು, ನಿಲ್ಲದ ವಾಂತಿ
- ಹೊಸದಾಗಿ ಗೊಂದಲ, ವಿಪರೀತ ಮಂಕು

ಏದುಸಿರು, ಎದೆನೋವು ಇದ್ದರೆ 108ಕ್ಕೆ ಕರೆ ಮಾಡಿ, ಬಸ್ಸಿಗೆ ಕಾಯಬೇಡಿ.

ನೋಡಿಕೊಳ್ಳುವವರನ್ನೂ ನೋಡಿಕೊಳ್ಳಿ

ಕೊನೆಯದಾಗಿ ಒಂದು ಮಾತು. ಹಾಸಿಗೆ ಪಕ್ಕದ ಬೆಂಚಿನ ಮೇಲೆ ಹದಿನೈದು ದಿನ ಒಬ್ಬಳೇ ಮಗಳೋ ಸೊಸೆಯೋ ಕೂತಿರುತ್ತಾಳೆ. ಊಟ ಹೊತ್ತಿಗಿಲ್ಲ, ನಿದ್ದೆ ಇಲ್ಲ, ಮನೆಯಲ್ಲಿ ಮಕ್ಕಳು. ಉಳಿದವರು ಫೋನಿನಲ್ಲಿ "ಚೆನ್ನಾಗಿ ನೋಡಿಕೊಳ್ಳಮ್ಮ" ಎನ್ನುತ್ತಾರೆ. ಅಣ್ಣ ತಮ್ಮ, ಅಕ್ಕ ತಂಗಿಯರು ಕೂತು ಪಾಳಿ ಹಾಕಿಕೊಳ್ಳಿ. ದೂರದಲ್ಲಿರುವವರು ಹಣದ ಭಾಗ ಹೊರಿ, ಹತ್ತಿರದವರು ರಾತ್ರಿ ಪಾಳಿ ಹೊರಿ. ಆಸ್ತಿ ಪಾಲಿನ ಮಾತನ್ನು ರೋಗಿಯ ಹಾಸಿಗೆ ಪಕ್ಕ ಎತ್ತಬೇಡಿ. ಅವರು ಕಣ್ಣು ಮುಚ್ಚಿದ್ದರೂ ಕಿವಿ ಮುಚ್ಚಿರುವುದಿಲ್ಲ.

ನಮ್ಮ ತಂದೆ ಆಪರೇಷನ್ ಆದ ಮೇಲೆ ಎರಡು ವರ್ಷ ಬದುಕಿದ್ದರು. ಮೊಮ್ಮಗಳ ನಾಮಕರಣ ನೋಡಿದರು, ಅಡಿಕೆ ತೋಟಕ್ಕೆ ಕೋಲು ಹಿಡಿದು ಹೋಗಿ ಬಂದರು. ಆಮೇಲೆ ಕಾಯಿಲೆ ಮರುಕಳಿಸಿದಾಗ ನಾನು ಅವರಿಂದ ಏನನ್ನೂ ಮುಚ್ಚಿಡಲಿಲ್ಲ. ಏನು ಮಾಡಬೇಕು, ಎಲ್ಲಿರಬೇಕು ಎಂದು ಅವರೇ ಹೇಳಿದರು, ನಾವು ಹಾಗೆಯೇ ನಡೆದುಕೊಂಡೆವು.

ಈ ಹಾಳೆಯನ್ನು ಮಡಚಿ ನಿಮ್ಮ ಫೈಲಿನಲ್ಲಿ ಇಟ್ಟುಕೊಳ್ಳಿ. ತಿಳಿಯದ್ದೇನಾದರೂ ಇದ್ದರೆ ಹಗಲು ರಾತ್ರಿ ಯಾವ ಪಾಳಿಯ ಸಿಸ್ಟರನ್ನಾದರೂ ಕೇಳಿ, ಸಂಕೋಚ ಬೇಡ. ನಿಮ್ಮ ಹಿರಿಯರು ಬೇಗ ಗುಣಮುಖರಾಗಿ, ತಮ್ಮ ಕಾಲ ಮೇಲೆ ತಾವು ನಡೆದುಕೊಂಡು ಮನೆ ಸೇರಲಿ.